ಹಲ್ಲಲ್ಲಿ ಕೂತ ಕೋಪ

ನಾಲ್ಕು ವರ್ಷದ ಮಗುವಿಗೆ ಇಡೀ ಶಿಶುವಿಹಾರವೇ ಹೆದರುತ್ತಿತ್ತು ಅಂದರೆ ನಂಬಬೇಕು. ಅಜ್ಜಿಗೆ ಅವಳು ಬಂಗಾರಿ. ಉಳಿದ ಮಕ್ಕಳ ತಾಯಂದಿರ ಬಾಯಲ್ಲಿ ಚೇಳು. ಸಿಟ್ಟು ಬಂತೋ, ಎದುರಿಗಿದ್ದವರ ತೋಳಿಗೆ ಹಲ್ಲು ಬಿತ್ತು ಅಂತಲೇ ತಿಳಿಯಿರಿ. ಆರನೆಯ ಸಲ ಕಚ್ಚಿದ ದಿನ ಮುಖ್ಯಸ್ಥೆ ಟೀಚರನ್ನು ಕರೆದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಇನ್ನೊಂದ್ಸಲ ಕಚ್ಚಿದ್ರೆ ಹೆಸರು ತೆಗೆದು ಅವಳನ್ನ ಮನೆಗೆ ಕಳಿಸ್ಬಿಡೋಣ. ಅಜ್ಜಿಗೂ ಹೇಳಿದೀನಿ."

ಮೂರು ತಿಂಗಳಿಂದ ಟೀಚರ್ ಬಂಗಾರಿಯನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾಕೆ ಕಚ್ಚಿದೆ? ಅಯ್ಯೋ, ತಮಗೆ ಸಿಟ್ಟು ಯಾಕೆ ಬಂತು ಅಂತ ದೊಡ್ಡವರಿಗೇ ಗೊತ್ತಿರುವುದಿಲ್ಲ, ಪಾಪ ಆ ಮಗು ಏನು ಹೇಳೀತು! ಅವತ್ತು ಬಂಗಾರಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ಟೀಚರ್ ಪಕ್ಕದಲ್ಲಿ ನೆಲದ ಮೇಲೇ ಕೂತು ಬೇರೆ ಥರ ಕೇಳಿದರು.

"ಕೋಪ ಎಲ್ಲಿ ಬರುತ್ತೆ ಪುಟ್ಟಾ?"

ಮಗು ತಡಮಾಡಲೇ ಇಲ್ಲ. ಬಾಯಿ ತೆರೆದು ಬೆರಳಿಟ್ಟು ತೋರಿಸಿತು. "ಹಲ್ಲಲ್ಲಿ. ಜುಂ ಅನ್ನುತ್ತೆ."

"ಅದನ್ನ ಕೈಗೆ ಇಳಿಸೋಣ್ವಾ?"

ಅಂದಿನಿಂದ ದಿನಾ ಆಟದ ಹೊತ್ತಿನಲ್ಲಿ ಇಬ್ಬರದೂ ಅದೇ ಕೆಲಸ: ಗೋಡೆಗೆ ಅಂಗೈ ಊರಿ, ಉಫ್ ಅಂತ ಉಸಿರು ಬಿಟ್ಟು, ಬಲವಿದ್ದಷ್ಟೂ ತಳ್ಳುವುದು. ಆಯಾ ಬಿದ್ದು ಬಿದ್ದು ನಕ್ಕಳು. "ಮೆಲ್ಲಗೆ ಟೀಚರ್, ಗೋಡೆ ಬಿದ್ದೀತು, ಪಕ್ಕದ ರೂಮಲ್ಲಿ ಮಕ್ಕಳು ಮಲಗಿದಾವೆ!"

ಎಂಟನೆಯ ದಿನ ಪರೀಕ್ಷೆ ತಾನಾಗಿಯೇ ಬಂತು. ಬಂಗಾರಿ ಅರ್ಧ ಗಂಟೆ ಅತ್ತಿತ್ತ ನೋಡದೆ ಮರದ ತುಂಡುಗಳನ್ನು ಪೇರಿಸಿ ತನ್ನ ಭುಜದೆತ್ತರದ ಗೋಪುರ ಕಟ್ಟಿದ್ದಳು. ಅದೇ ತರಗತಿಯ ಹುಡುಗ ಗುಂಡ ಓಡಿಬಂದು ಅದನ್ನು ಒದ್ದ. ದಡಬಡನೆ ಎಲ್ಲ ನೆಲಕ್ಕೆ. ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಮುಖ್ಯಸ್ಥೆ. ಅವರ ಹಿಂದೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿ.

ಬಂಗಾರಿ ಗುಂಡನ ತೋಳು ಹಿಡಿದಳು. ಬಾಯಿ ತೆರೆದಳು. ಟೀಚರ್‌ಗೆ ಓಡಿಹೋಗಿ ಅವಳನ್ನು ಎಳೆದುಬಿಡಬೇಕು ಅನ್ನಿಸಿತು. ಆದರೆ ಎಳೆದರೆ ಕಚ್ಚುವುದನ್ನು ತಡೆದವರು ತಾವಾಗುತ್ತಾರೆ, ಅವಳಲ್ಲ. ಕೈಕಟ್ಟಿ ನಿಂತರು.

ಬಿಟ್ಟಳು! ತೋಳು ಬಿಟ್ಟಳು! ನೆಟ್ಟಗೆ ಗೋಡೆಗೆ ಓಡಿ, ಎರಡೂ ಅಂಗೈ ಊರಿ, ಕಿವಿ ಕೆಂಪಾಗುವ ತನಕ ತಳ್ಳಿದಳು. ಸಾಲದೆ ಇನ್ನೊಂದು ಸಲ ತಳ್ಳಿದಳು. ಆಮೇಲೆ ಕಣ್ತುಂಬ ನೀರು ತುಂಬಿಕೊಂಡು ಗುಂಡನ ಎದುರು ಬಂದು ನಿಂತಳು.

"ನಂಗೆ ತುಂಬಾ ಕೋಪ ಬಂದಿದೆ ಕಣೋ. ಬೀಳಿಸಿದ್ದು ನೀನು. ನೀನೂ ಕಟ್ಟು."

ಗುಂಡ ಪಿಳಿಪಿಳಿ ಕಣ್ಣು ಬಿಟ್ಟ. ಮತ್ತೆ ತೆಪ್ಪಗೆ ಕೂತು ಮೊದಲ ತುಂಡು ಇಟ್ಟ. ಟೀಚರ್‌ಗೆ ಅಲ್ಲೇ ಕುಣಿದುಬಿಡಬೇಕು ಅನ್ನುವಷ್ಟು ಖುಷಿ.

"ಹೊರಡೋಣ್ವಾ ಬಂಗಾರಿ?" ಅಜ್ಜಿ ಅಂಜುತ್ತಲೇ ಕೇಳಿದರು.

"ತಡಿ ಅಜ್ಜಿ, ಕೆಲಸ ಇದೆ."

ಮುಖ್ಯಸ್ಥೆ ಒಂದು ಕುರ್ಚಿ ಎಳೆದು ಅಜ್ಜಿಯ ಮುಂದಿಟ್ಟರು.

"ಕೂತ್ಕೊಳ್ಳಿ ಅಮ್ಮಾ, ಅವಳ ಕೆಲಸ ಮುಗೀಲಿ. ನಾಳೆ ಬೇಗ ಕರ್ಕೊಂಡ್ಬನ್ನಿ. ಇವಳನ್ನ ನಾವು ಎಲ್ಲಿಗೂ ಕಳಿಸಲ್ಲ."