ಚೀಟಿಯ ಐದನೇ ಸಾಲು

ಚುಚ್ಚುಮದ್ದಿನ ಕೋಣೆಯಲ್ಲಿ ಏಳು ವರ್ಷ ಕೂತವಳಿಗೆ ಮುಖಗಳಿಗಿಂತ ತೋಳುಗಳೇ ಹೆಚ್ಚು ನೆನಪಿರುತ್ತವೆ. ಸೂಜಿ ಕಂಡೊಡನೆ ಕಲ್ಲಾಗುವ ತೋಳು, ತನ್ನದಲ್ಲವೇನೋ ಎಂಬಂತೆ ಒಪ್ಪಿಸಿಬಿಡುವ ತೋಳು. ನಮ್ಮ ಆಸ್ಪತ್ರೆಯ ನರ್ಸುಗಳದು ಎರಡನೆಯ ಬಗೆ. ತೋಳು ನನಗೆ ಕೊಟ್ಟು, ತಲೆಯನ್ನು ಗೋಡೆಗೆ ಆನಿಸಿ, ಆ ಅರ್ಧ ನಿಮಿಷದಲ್ಲಿ ಒಂದು ಸಣ್ಣ ನಿದ್ದೆ ತೆಗೆಯುತ್ತಾರೆ. ಎಬ್ಬಿಸಲು ನನಗೆ ಮನಸ್ಸು ಬರುವುದಿಲ್ಲ.

ಆ ವರ್ಷ ಸಿಬ್ಬಂದಿಗೆಲ್ಲ ಲಸಿಕೆ ಕಡ್ಡಾಯವೆಂದು ಆದೇಶ ಬಂತು. ಹದಿನೈದನೇ ತಾರೀಕು ಶನಿವಾರ ಸಂಜೆಯೊಳಗೆ ಹಾಕಿಸಿಕೊಳ್ಳದವರು ಸೋಮವಾರದಿಂದ ಗೇಟಿನೊಳಗೆ ಕಾಲಿಡುವಂತಿಲ್ಲ. ಆದೇಶದ ಬಗ್ಗೆ ನನಗೆ ತಕರಾರಿರಲಿಲ್ಲ. ಆ ಕಾಯಿಲೆ ಎರಡು ವರ್ಷದ ಹಿಂದೆ ನಮ್ಮ ವಾರ್ಡುಗಳಲ್ಲಿ ಏನು ಮಾಡಿತೆಂದು ಕಂಡವರು ಲಸಿಕೆಯ ಜೊತೆ ಜಗಳಕ್ಕೆ ಹೋಗುವುದಿಲ್ಲ. ತೊಂಬತ್ತು ನರ್ಸುಗಳು ಬಂದು ಹೋದರು. ಗಂಡಸರ ವಾರ್ಡಿನ ಒಂಬತ್ತು ಮಂದಿ ಮಾತ್ರ ಬರಲಿಲ್ಲ.

ಅವರ ಮುಂದೆ ನಿಂತವಳು ಗಡಿಯಾರ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಬ್ಬ ರೋಗಿಯ ಔಷಧಿಯೂ ಐದು ನಿಮಿಷ ತಡವಾಗದಂತೆ ನೋಡಿಕೊಂಡವಳು, ಅದಕ್ಕೇ ಆ ಹೆಸರು. ನರ್ಸುಗಳ ಸಂಘದ ಕಾರ್ಯದರ್ಶಿಯೂ ಅವಳೇ. ಒಬ್ಬ ನರ್ಸಿಗೆ ಎಂಟು ರೋಗಿಗಳಿಗಿಂತ ಹೆಚ್ಚು ಕೊಡಬಾರದು, ಇಲ್ಲದಿದ್ದರೆ ಇಪ್ಪತ್ತನೇ ತಾರೀಕಿನಿಂದ ಮುಷ್ಕರ ಎಂದು ನೋಟಿಸು ಕೊಟ್ಟಿದ್ದಳು. ಆಗ ನಮ್ಮಲ್ಲಿ ಒಬ್ಬೊಬ್ಬರಿಗೆ ಹದಿನೆಂಟು ರೋಗಿಗಳಿದ್ದರು.

"ಸಂಘದ ಹುಲಿಗೆ ಸೂಜಿ ಅಂದ್ರೆ ಭಯ" ಎಂದು ಕಚೇರಿಯವರು ನಕ್ಕರು. ಭಯವಲ್ಲವೆಂದು ನನಗೆ ಗೊತ್ತಿತ್ತು. ಕಾರಣ ಗುಬ್ಬಿ.

ಗುಬ್ಬಿ ಅದೇ ವಾರ್ಡಿನ ಹತ್ತನೆಯ ನರ್ಸು. ಎರಡು ಮಕ್ಕಳ ತಾಯಿ, ನೋಡಲು ಹಿಡಿಯಷ್ಟು. ಎಲ್ಲರಿಗಿಂತ ಮೊದಲು ಬಂದು ಲಸಿಕೆ ಹಾಕಿಸಿಕೊಂಡಳು. ಮರುದಿನ ಜ್ವರ ಬಂತು. ರಜೆ ಕೇಳಿದಳು. "ಜನ ಇಲ್ಲ, ಒಂದು ಮಾತ್ರೆ ನುಂಗಿ ಬಾ" ಎಂದರು ಕಚೇರಿಯವರು. ಬಂದಳು. ಹನ್ನೊಂದನೇ ಹಾಸಿಗೆಯವನಿಗೆ ಕೊಟ್ಟ ಔಷಧಿಯನ್ನು ಹನ್ನೆರಡನೆಯವನ ಹಾಳೆಯಲ್ಲಿ ಬರೆದಳು. ಹನ್ನೆರಡನೆಯವನಿಗೆ ಔಷಧಿ ಸಿಗಲಿಲ್ಲ. ಹನ್ನೊಂದನೆಯವನಿಗೆ ಎರಡನೇ ಸಲ ಸಿಗುವುದರಲ್ಲಿತ್ತು. ಗಡಿಯಾರ ನೋಡಿ ತಡೆದಳು. ಯಾರಿಗೂ ಏನೂ ಆಗಲಿಲ್ಲ. ಗುಬ್ಬಿಗೆ ಮಾತ್ರ 'ಅಜಾಗರೂಕತೆ' ಎಂದು ಮೆಮೊ ಬಂತು.

ಲಸಿಕೆಯ ಮರುದಿನ ರಜೆ ಕೊಡುತ್ತೇವೆಂದು ಬರೆದುಕೊಡಿ, ಆ ಕ್ಷಣವೇ ತೋಳು ಕೊಡುತ್ತೇವೆ ಎಂದು ಗಡಿಯಾರ ಹಟ ಹಿಡಿದದ್ದು ಆವತ್ತಿನಿಂದ.

ಗುರುವಾರ ಮಧ್ಯಾಹ್ನ ನರ್ಸುಗಳ ಮೇಲಧಿಕಾರಿ ಮೇಟ್ರನ್ ನನ್ನ ಕೋಣೆಗೇ ಬಂದರು. ಒಂಬತ್ತು ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಇವರ ಹೆಸರಿನ ಮುಂದೆ 'ತಿಳಿಸಿ ಹೇಳಲಾಗಿದೆ, ನಿರಾಕರಿಸಿದ್ದಾರೆ' ಅಂತ ಬರೆದು ಸಹಿ ಹಾಕಿ. ಶನಿವಾರ ಸಂಜೆ ನನಗೆ ಬೇಕು."

"ಸಹಿ ಹಾಕಿದ್ರೆ ಇವರ ಕೆಲಸ ಹೋಗುತ್ತಲ್ಲ ಮೇಡಂ."

"ಹೋಗೋ ಹಾಗೆ ಮಾಡ್ಕೊಂಡೋರು ಅವರು."

"ನಾನು ಇವರಿಗೆ ಏನೂ ತಿಳಿಸಿ ಹೇಳಿಲ್ಲ. ಇವರು ಇಲ್ಲಿಗೆ ಬಂದೇ ಇಲ್ಲ."

"ಅವರಿಗೆ ತಿಳಿಸೋದೇನಿದೆ? ನರ್ಸುಗಳಲ್ವಾ?" ಬಾಗಿಲಲ್ಲಿ ನಿಂತು ಸ್ವಲ್ಪ ಮೆತ್ತಗೆ ಹೇಳಿದರು: "ನೀವು ಮಾತಾಡೋರಲ್ಲ. ಅದಕ್ಕೇ ಈ ಕೆಲಸ ನಿಮಗೆ ಕೊಟ್ಟಿದ್ದು."

ಅವರು ಹೋದರು. ಮೌನವನ್ನು ನಾನು ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಯಾರೂ ಹಂಚಿಕೊಳ್ಳಲು ಬರುವುದಿಲ್ಲ, ಕದಿಯಲೂ ಬರುವುದಿಲ್ಲ. ಆದರೆ ಏಳು ವರ್ಷದಿಂದ ಅದನ್ನು ಎಲ್ಲರೂ ನನ್ನ ಒಪ್ಪಿಗೆಯೆಂದೇ ಲೆಕ್ಕ ಹಿಡಿದಿದ್ದರು.

ಅದಕ್ಕಿಂತ ಚುಚ್ಚಿದ್ದು ಮೇಟ್ರನ್ ಅವರ ಇನ್ನೊಂದು ಮಾತು, 'ತಿಳಿಸೋದೇನಿದೆ?' ಲಸಿಕೆಗೆ ಬರುವ ಪ್ರತಿಯೊಬ್ಬರಿಗೂ ಒಂದು ಹಳದಿ ಚೀಟಿ ಕೊಡಬೇಕು. ಅದರಲ್ಲಿ ಐದು ಸಾಲು. ನಾನು ಗಟ್ಟಿಯಾಗಿ ಓದಿ ಹೇಳಬೇಕು, ಕೇಳಿಸಿಕೊಂಡವರು ಕೆಳಗೆ ಸಹಿ ಹಾಕಬೇಕು, ಅರ್ಧ ಹರಿದು ಅವರ ಕೈಗೆ ಕೊಡಬೇಕು. ಹೊರಗಿನವರಲ್ಲಿ ಒಬ್ಬರಿಗೂ ಇದನ್ನು ತಪ್ಪಿಸಿದವಳಲ್ಲ ನಾನು. ಗುಬ್ಬಿಗೆ ಓದಿರಲಿಲ್ಲ. ಯಾವ ನರ್ಸಿಗೂ ಓದಿರಲಿಲ್ಲ. ನರ್ಸುಗಳಲ್ಲವಾ, ಅವರಿಗೆ ತಿಳಿಸುವುದೇನಿದೆ ಎಂದು ನಾನೂ ಅಂದುಕೊಂಡಿದ್ದೆ.

ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅವರೂ ನರ್ಸಾಗಿದ್ದವರು. ಮೂವತ್ತೆಂಟು ವರ್ಷ ನಿಂತ ಕಾಲುಗಳು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿವೆ ಎನ್ನುತ್ತಾರೆ.

"ಏನಮ್ಮ, ಬಾಯಿಗೆ ಬೀಗ ಹಾಕಿ ಕೀಲಿಕೈ ಆಸ್ಪತ್ರೆಯಲ್ಲೇ ಬಿಟ್ಟು ಬಂದ್ಯಾ?"

ನಾನು ಎಲ್ಲ ಹೇಳಿದೆ. ಅವರು ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಹೆರಿಗೆಯ ದಿನದವರೆಗೂ ಡ್ಯೂಟಿ ಮಾಡಿದೀನಿ. ಇನ್ನೆರಡು ಗಂಟೆ ತಡವಾಗಿದ್ರೆ ನಿನ್ನ ಗಂಡ ಔಷಧಿ ಗಾಡಿ ಮೇಲೇ ಹುಟ್ತಿದ್ದ."

"ಅದು ಸರೀನಾ ಅತ್ತೆ?"

"ಸರಿ ಎಲ್ಲಿಂದ ಬಂತೇ! ಬೇರೆ ಯಾರೂ ಇರಲಿಲ್ಲ, ಮಾಡಿದೆ. ಊರಿಗೆಲ್ಲ ರೆಸ್ಟ್ ತಗೊಳ್ಳಿ, ಭಾರ ಎತ್ತಬೇಡಿ ಅಂತ ಹೇಳಿದ್ದೇ ಹೇಳಿದ್ದು. ನನಗೆ ಒಬ್ಬರೂ ಹೇಳಲಿಲ್ಲ. ಓದೋದು ಶಾಸ್ತ್ರ, ಹಾಕೋದು ಗಾಳ." ಒಂದು ಕಾಯನ್ನು ಪಟ್ಟನೆ ಮುರಿದರು. "ಸಹಿ ಹಾಕ್ತೀಯಾ?"

"ಇಲ್ಲ" ಎಂದೆ. ಆ ಪದ ಬಾಯಿಂದ ಬಂದಾಗಲೇ ಮುಂದೆ ಮಾಡಬೇಕಾದದ್ದು ಸ್ಪಷ್ಟವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಗಂಡಸರ ವಾರ್ಡಿಗೆ ಹೋದೆ. ಗಡಿಯಾರ ಮುದುಕರೊಬ್ಬರನ್ನು ಮಗ್ಗುಲು ತಿರುಗಿಸುತ್ತಿದ್ದಳು. ಇನ್ನೊಂದು ಕಡೆಯಿಂದ ನಾನು ಹಿಡಿದೆ.

"ಏನು, ಮೌನವ್ರತ ಇವತ್ತು ಮೆಟ್ಟಿಲು ಹತ್ತಿಕೊಂಡು ಬಂದಿದೆ?" ಎಂದಳು.

"ಅಕ್ಕ, ಇವತ್ತು ಎರಡು ಗಂಟೆಗೆ ಬೆಳಗಿನ ಪಾಳಿ ಮುಗಿದ ಮೇಲೆ, ಬೇರೆ ಪಾಳಿಯವರೂ ಸೇರಿ ಒಂಬತ್ತು ಜನಾನೂ ಬಂದು ಲಸಿಕೆ ಹಾಕಿಸ್ಕೊಳ್ಳಿ."

ಅವಳ ಮುಖ ಬಿಗಿಯಿತು. "ಮೇಟ್ರನ್ ಕಳಿಸಿದ್ರಾ?"

"ಇಲ್ಲ. ಈ ಚೀಟಿ ಕಳಿಸಿತು."

ಹಳದಿ ಚೀಟಿಯನ್ನು ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಓದಿದಳು. ಐದನೇ ಸಾಲಿನಲ್ಲಿ ಕಣ್ಣು ನಿಂತಿತು. 'ಜ್ವರ, ಮೈಕೈ ನೋವು ಬರಬಹುದು. ಮರುದಿನ ಕೆಲಸಕ್ಕೆ ಹೋಗದೆ ಮನೆಯಲ್ಲಿ ವಿಶ್ರಾಂತಿ ಪಡೆಯತಕ್ಕದ್ದು.' ಅದರ ಕೆಳಗೆ ಮೇಟ್ರನ್ ಅವರ ಅಚ್ಚಾದ ಸಹಿ.

"ಇದು ಹೊರಗಿನವರಿಗೆ" ಎಂದಳು.

"ಎಲ್ಲಿ ಬರೆದಿದೆ? 'ಲಸಿಕೆ ಪಡೆದವರು' ಅಂತ ಇದೆ. ನಾನು ಇದುವರೆಗೆ ನಮ್ಮವರಿಗೆ ಓದಲಿಲ್ಲ, ಅದು ನನ್ನ ತಪ್ಪು. ಇವತ್ತು ಓದ್ತೀನಿ. ನೀವು ಹಾಕಿಸ್ಕೊಳ್ಳದೆ ಇದ್ರೆ ಅವರ ಕೈಯಲ್ಲಿ ಆದೇಶ ಇದೆ. ಹಾಕಿಸ್ಕೊಂಡು ನಾಳೆ ಮನೇಲಿ ಮಲಗಿದ್ರೆ ಏನಿದೆ?"

"ಮೆಮೊ ಇದೆ."

"ಅವರದೇ ಸಹಿ ಇರೋ ಕಾಗದ ಪಾಲಿಸಿದ್ದಕ್ಕೆ ಮೆಮೊನಾ? ಕೊಡಲಿ. ಜೊತೆಗೆ ನನಗೂ ಒಂದು ಕೊಡಬೇಕಾಗುತ್ತೆ, ಓದಿ ಹೇಳಿದ್ದಕ್ಕೆ."

ಗಡಿಯಾರ ಚೀಟಿಯನ್ನು ಮೊದಲಿಂದ ಇನ್ನೊಮ್ಮೆ ಓದಿದಳು. ಮುದುಕರು ನಮ್ಮಿಬ್ಬರ ಮುಖ ನೋಡಿ, "ಹಾಕಿಸ್ಕೋ ತಾಯಿ, ನಾನೇ ಹಾಕಿಸ್ಕೊಂಡಿದೀನಿ, ನೋಯೋದಿಲ್ಲ" ಎಂದರು. ಅವಳು ಜೋರಾಗಿ ನಕ್ಕಳು.

"ರೋಗಿಗಳ ಗತಿ?" ಎಂದಳು ನಗು ನಿಂತ ಮೇಲೆ. ಅದನ್ನು ಕೇಳದೆ ಅವಳು ಒಪ್ಪುವವಳಲ್ಲವೆಂದು ನನಗೆ ಗೊತ್ತಿತ್ತು.

"ಒಂಬತ್ತೂ ಜನ ನಾಳೆ ಬರೋದಿಲ್ಲ ಅಂತ ಈಗಲೇ ಮೇಟ್ರನ್‌ಗೆ ಬರೆದು ಕೊಡ್ತೀನಿ. ಇಡೀ ಒಂದು ಹಗಲಿನ ಸಮಯ ಇದೆ ಅವರಿಗೆ."

ಬರೆದು ಕೊಟ್ಟೆ. ಎರಡು ಗಂಟೆಗೆ ಒಂಬತ್ತು ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾಗ ಮೇಟ್ರನ್ ಆ ಕಾಗದ ಹಿಡಿದು ಬಂದರು. ಪಕ್ಕದ ಬೆಂಚಿನಲ್ಲಿ ಹೊರಗಿನವರೂ ಕೂತಿದ್ದರು. "ಬಾಗಿಲು ಹಾಕಿ" ಎಂದರು ಮೇಟ್ರನ್. ಹಾಕಿದೆ. ಒಳಗೆ ನಾನು, ಅವರು, ಗಡಿಯಾರ.

"ಇದೇನಿದು? ಮುಷ್ಕರದ ಹೊಸ ಅವತಾರಾನಾ?"

"ಮುಷ್ಕರ ಇಪ್ಪತ್ತಕ್ಕೆ ಮೇಡಂ" ಎಂದಳು ಗಡಿಯಾರ. "ಇದು ಲಸಿಕೆ. ನೀವೇ ಕರೆದಿದ್ದು."

"ಒಂದೇ ದಿನ ಒಂಬತ್ತು ಜನ ಇಲ್ಲ ಅಂದ್ರೆ ವಾರ್ಡನ್ನ ಯಾರು ನೋಡೋದು? ಎಲ್ಲರಿಗೂ ಜ್ವರ ಬರೋದೂ ಇಲ್ಲ. ಬಂದೋರು ಮಾತ್ರೆ ತಗೊಂಡು ಬರಲಿ."

ನಾನು ಚೀಟಿಯನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆ, ಹೊರಗಿನವರಿಗೆ ಓದುವ ಅದೇ ದನಿಯಲ್ಲಿ. ಐದನೇ ಸಾಲು ಮುಗಿಸಿ, ಗಡಿಯಾರದ ಮುಂದೆ ಪೆನ್ನು ಇಟ್ಟೆ.

"ನನಗೆ ಪಾಠ ಹೇಳ್ತಿದ್ದೀರಾ?" ಎಂದರು ಮೇಟ್ರನ್.

"ಇಲ್ಲ ಮೇಡಂ. ನೀವು ಬರೆಯೋಕೆ ಹೇಳಿದ್ರಲ್ಲ, 'ತಿಳಿಸಿ ಹೇಳಲಾಗಿದೆ' ಅಂತ. ಅದನ್ನೇ ಮಾಡ್ತಿದ್ದೀನಿ. ಈ ಸಾಲು ಬಿಡು ಅಂತ ನೀವು ಬರೆದುಕೊಟ್ರೆ ಬಿಡ್ತೀನಿ. ಆಗ ಹೊರಗೆ ಕೂತಿರೋರಿಗೂ ಬಿಡಬೇಕಾಗುತ್ತೆ."

ಈ ಸಲ ಮೌನ ನನ್ನದಾಗಿರಲಿಲ್ಲ. ಅದು ಮೇಟ್ರನ್ ಅವರದು, ಅವರೇ ಮುರಿಯಬೇಕಿತ್ತು. ನಾನು ಹತ್ತಿ ಒದ್ದೆ ಮಾಡಿಕೊಂಡು ಕಾದೆ.

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತೀರಿ" ಎಂದರು ಕೊನೆಗೆ.

"ರೋಗಿ ಸಾಯಬಾರದು ಅಂತೀವಿ" ಎಂದಳು ಗಡಿಯಾರ. "ಗುಬ್ಬಿ ಅವತ್ತು ಎರಡನೇ ಸಲ ಕೊಟ್ಟಿದ್ರೆ ನೀವು ಯಾರಿಗೆ ಮೆಮೊ ಕೊಡ್ತಿದ್ರಿ ಮೇಡಂ?"

ಮೇಟ್ರನ್ ಕೂತರು. ನನ್ನ ಕಾಗದದ ಹಿಂಬದಿಯಲ್ಲೇ ಬರೆದರು. ಐದು ಜನಕ್ಕೆ ಇಂದು, ನಾಲ್ವರಿಗೆ ನಾಳೆ. ಅವರವರ ಮರುದಿನ ಸಂಬಳ ಸಹಿತ ರಜೆ. ಗುಬ್ಬಿಯ ಮೆಮೊ ವಾಪಸು ಎಂದು ಸೇರಿಸಲು ಗಡಿಯಾರ ಹೇಳಿದಳು. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಅದನ್ನೂ ಬರೆಯಿತು. ಆಮೇಲೆ ಗಡಿಯಾರ ತೋಳು ಕೊಟ್ಟಳು. ಕಣ್ಣು ಮುಚ್ಚಲಿಲ್ಲ.

ಶನಿವಾರ ಬೆಳಿಗ್ಗೆ ವಾರ್ಡಿನ ಖಾಲಿ ಜಾಗಗಳಿಗೆ ಕಚೇರಿಯ ಕೆಲಸಕ್ಕೆ ಹಾಕಿದ್ದ ನರ್ಸುಗಳನ್ನು ಕಳಿಸಿದರು. ನನ್ನ ಕೋಣೆಯ ಕೆಲಸವನ್ನು ಮಧ್ಯಾಹ್ನಕ್ಕೆ ಮುಂದೂಡಿ ನನ್ನನ್ನೂ ಕಳಿಸಿದರು. ಆದರೂ ಒಬ್ಬರು ಕಮ್ಮಿ. ಏಳೂ ಕಾಲಿಗೆ ಮೇಟ್ರನ್ನೇ ಏಪ್ರನ್ ಕಟ್ಟಿಕೊಂಡು ಬಂದರು. ಹನ್ನೊಂದು ವರ್ಷವಾಗಿತ್ತಂತೆ ಅವರು ವಾರ್ಡಿನಲ್ಲಿ ನಿಂತು. ಕೈ ಮರೆತಿರಲಿಲ್ಲ, ಕಾಲು ಮರೆತಿತ್ತು.

ಎಂಟು ಗಂಟೆಗೆ ವಾರ್ಡಿನ ಫೋನು ಬಡಿದುಕೊಂಡಿತು. ಗಡಿಯಾರ.

"ಏನೇ, ನನಗೆ ಜ್ವರಾನೇ ಬಂದಿಲ್ಲ. ಮೂರು ಸಲ ನೋಡಿದೆ. ಬಂದುಬಿಡ್ಲಾ? ಏಳನೇ ಹಾಸಿಗೆಯವರಿಗೆ ಎಂಟೂವರೆಗೆ..."

"ಗೊತ್ತು ಅಕ್ಕ, ಕೊಡ್ತೀವಿ. ನೀವು ಮಲಗಿ."

"ಜ್ವರ ಇಲ್ಲದೆ ಹೇಗೆ ಮಲಗೋದು? ಇಪ್ಪತ್ತಾರು ವರ್ಷದಲ್ಲಿ ಅಭ್ಯಾಸಾನೇ ಇಲ್ಲ."

"ಇವತ್ತು ಕಲೀರಿ" ಎಂದು ಇಟ್ಟೆ.

ಎರಡು ಗಂಟೆಗೆ ಮುಂದಿನ ಪಾಳಿಯವರು ಬಂದಾಗ ಮೇಟ್ರನ್ ಸ್ಟೂಲಿನ ಮೇಲೆ ಕೂತು ಶೂ ಬಿಚ್ಚಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದರು. ಆ ದಿನ ಅವರ ಪಾಲಿಗೆ ಹದಿನೆಂಟು ಹಾಸಿಗೆ. ಬೆಳಿಗ್ಗೆಯಿಂದ ನೀರು ಕುಡಿದದ್ದನ್ನು ನಾನು ಕಾಣಲಿಲ್ಲ. ನನ್ನತ್ತ ನೋಡದೆ ಕೇಳಿದರು:

"ಮುಷ್ಕರದ ನೋಟಿಸಿನಲ್ಲಿ ಒಬ್ಬರಿಗೆ ಎಷ್ಟು ರೋಗಿ ಅಂತ ಕೇಳಿದ್ದೀರಿ?"

"ಎಂಟು."

"ಹನ್ನೆರಡು ಅಂದ್ರೆ ನಾನು ಮೇಲಿನವರ ಹತ್ತಿರ ಮಾತಾಡಬಹುದು. ನೀವು ನಿಮ್ಮ ಕಾರ್ಯದರ್ಶಿಗೆ ಸ್ವಲ್ಪ ಹೇಳಿ. ನಿಮ್ಮ ಮಾತು ಕೇಳ್ತಾಳೆ."

ಅವರ ಕಾಲು ನಿಜಕ್ಕೂ ಊದಿತ್ತು. ಮರುಕ ಹುಟ್ಟಿತು, ಹುಟ್ಟಿದ್ದನ್ನು ಮುಚ್ಚಿಡಲಿಲ್ಲ. ಕುಡಿಯಲು ನೀರು ತಂದುಕೊಟ್ಟು ಎದುರಿಗೆ ಕೂತೆ.

"ಹನ್ನೆರಡೇ ಜನ ಇದ್ದಿದ್ರೂ ಇವತ್ತು ನಿಮ್ಮ ಕೈಲಿ ನೋಡ್ಕೊಳ್ಳೋಕೆ ಆಗ್ತಿತ್ತಾ ಮೇಡಂ, ಸರಿಯಾಗಿ?"

ಅವರು ಲೋಟವನ್ನು ಖಾಲಿ ಮಾಡಿದರು. ಶೂ ಹಾಕಿಕೊಂಡು, ಲೇಸು ಕಟ್ಟಿ, ಎದ್ದರು.

"ಎಂಟು" ಎಂದೆ ನಾನು ಇನ್ನೊಮ್ಮೆ, ಅವರು ಬಾಗಿಲು ದಾಟುವ ಮೊದಲು. "ಇಪ್ಪತ್ತನೇ ತಾರೀಕಿಗೆ ಇನ್ನೂ ಐದು ದಿನ ಇದೆ. ಮೇಲಿನವರಿಗೆ ಹೇಳಿ."