ಅಡ್ಡ ಬಂದ ಕೂಸು

ಸಾರವಾಡದ ಸೂಲಗಿತ್ತಿ ಹೊಳೆವ್ವ ತನ್ನ ವಿದ್ಯೆಯನ್ನೆಲ್ಲ ಸೊಸೆ ಸಕ್ರವ್ವನಿಗೆ ಕೊಟ್ಟುಬಿಟ್ಟಳೆಂದು ಬಬಲೇಶ್ವರದವರೆಗೂ ಹೆಸರಾಗಿತ್ತು. ಏನು ಮಹಾ ಕೊಟ್ಟಳು? ಕೂಸಿಗೆ ನೀರು ಎರೆಯುವುದು, ಎಣ್ಣೆ ತಿಕ್ಕುವುದು, ಲೋಬಾನದ ಹೊಗೆ ಹಿಡಿಯುವುದು. ಸೊಸೆಗೆ ಚೆನ್ನಾಗಿ ಬರುತ್ತಿದ್ದುದನ್ನೇ ಮತ್ತೆ ಮತ್ತೆ ತಿದ್ದಿಸಿ ತೀಡಿಸಿದಳು. ನಾಲ್ಕು ಮಂದಿಯ ಕಣ್ಣಿಗೆ ಬೀಳುವುದೂ ಅದೇ, ಮನೆಯವರು ಖುಷಿಯಾಗಿ ಕುಬಸದ ಖಣ ಕೊಡುವುದೂ ಅದಕ್ಕೇ. ಯುದ್ಧದ ದೆಸೆಯಿಂದ ಅರಿವೆಗೂ ಕಂಟ್ರೋಲು ಬಂದಿದ್ದ ಕಾಲ. ಒಂದು ಖಣವೆಂದರೆ ಸಣ್ಣ ಮಾತಲ್ಲ.

ಸಕ್ರವ್ವನಿಗೆ ಬೇಕಾಗಿದ್ದದ್ದು ಬೇರೆ. ತಂಗಿ ಹನಮವ್ವ ಚೊಚ್ಚಲ ಹೆರಿಗೆಗೆ ತಿಕೋಟಾದ ತವರಿಗೆ ಬಂದಿದ್ದಳು. ಹೆರಿಗೆ ನಿನ್ನ ಕೈಯಲ್ಲೇ ಆಗಬೇಕೆಂದು ತಾಯಿ ಪರಸವ್ವ ಹೇಳಿ ಕಳಿಸಿದ್ದಳು.

"ಅತ್ತಿ, ನೀರು ಎರಿಯೋದು ಬಂತ್ರಿ. ಕೂಸು ಅಡ್ಡ ಇದ್ರ ಹೆಂಗ ಹೊಳ್ಳಿಸಿ ನೆಟ್ಟಗ ಮಾಡೂದು, ಅದೊಂದು ತೋರಸ್ರಿ."

"ಬಿಡ್ತು ಅನ್ನು. ಬಸುರಿ ಮನಿ ಹೊಕ್ಕು ಬರೂ ಬಾಯಾಗ ಅಂಥಾ ಮಾತು ಆಡಬಾರದು," ಎಂದು ಹೊಳೆವ್ವ ಗದರಿದಳು.

ಕೆಟ್ಟ ಹೆರಿಗೆಯ ಹೆಸರೆತ್ತಿದರೆ ಅದು ಬೆನ್ನು ಹತ್ತಿ ಬರುತ್ತದೆಂದು ಆ ಮನೆಯವರ ನಂಬಿಕೆ. ಕಲಿಯಲೇಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅರೆದು ಕುಡಿಸುವ ನಂಬಿಕೆ ಅದು, ಬೆಂಕಿ ಬೀಳಲಿ ಅದಕ್ಕೆ. ಸಕ್ರವ್ವ ಕೇಳಿ ಕೇಳಿ ಸೋತು ತಿಕೋಟಾಕ್ಕೆ ಹೋದಳು.

ಪರಸವ್ವನಿಗೋ ಹೆಮ್ಮೆಯೇ ಹೆಮ್ಮೆ. "ಮನಿ ಮಗಳು ಸೂಲಗಿತ್ತಿ ಆಗ್ಯಾಳ, ಹೊರಗಿನವರು ಯಾಕ ಬೇಕು?" ಎಂದು ಊರ ಸೂಲಗಿತ್ತಿಗೆ ಹೇಳಿಯೇ ಕಳಿಸಲಿಲ್ಲ. ಬೇನೆ ಎದ್ದ ಮಧ್ಯಾಹ್ನ ಮೊದಲು ಹೊರಗೆ ಬಂದದ್ದು ಕೂಸಿನ ಕೈ. ಕೂಸು ಅಡ್ಡ ಇತ್ತು. ಎಣ್ಣೆ ತಿಕ್ಕುವುದರಲ್ಲಿ ಪಳಗಿದವಳಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಗಾಡಿ ಕಟ್ಟಿಸಿ ವಿಜಾಪುರದ ದವಾಖಾನೆ ಮುಟ್ಟಿಸುವಷ್ಟರಲ್ಲಿ ಕೂಸು ಹೋಗಿತ್ತು. ಹನಮವ್ವ ಹೇಗೋ ಉಳಿದಳು. ಅಕ್ಕ ಹತ್ತಿರ ಬಂದಾಗ ಗೋಡೆ ಕಡೆ ಹೊರಳಿ ಮಲಗಿದಳು.

ಸಾರವಾಡಕ್ಕೆ ಮರಳಿದ ಸಕ್ರವ್ವ ಕಾಲು ಕೂಡ ತೊಳೆಯದೆ ಒಳಗೆ ನುಗ್ಗಿದಳು. ಸಿಟ್ಟು ನೆತ್ತಿಗೇರಿತ್ತು, ಅದಕ್ಕಿಂತ ಹೆಚ್ಚು ಸಂಕಟ.

"ಈಗರ ತೋರಸ್ರಿ ಅತ್ತಿ. ಇನ್ನ ಯಾತಕ್ಕ ಅಂಜತೀರಿ?"

ಹೊಳೆವ್ವ ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು.

"ನನಗರ ಎಲ್ಲಿ ಬರತೈತಿ ಯವ್ವಾ," ಎಂದಳು. "ಅಂಥಾವು ಬಂದಾಗೆಲ್ಲಾ, ದೇವರು ಕೊಡಲಿಲ್ಲ ಅಂತ ಹೇಳಿ ಎದ್ದು ಬಂದೇನಿ. ಮಂದಿ ನಂಬ್ಯಾರ."