ಹಗ್ಗದ ಆ ತುದಿಯವನು

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವನ ಜೀವ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಇವನು ಹಲಗೆಯ ಮೇಲೆ ಕೂತು ನೇತಾಡುತ್ತಾನೆ. ತಾರಸಿಯ ಮೇಲೆ ಇನ್ನೊಬ್ಬ, ಕಬ್ಬಿಣದ ಕಂಬಕ್ಕೆ ಸುತ್ತಿದ ಹಗ್ಗವನ್ನು ಸಡಿಲಿಸುತ್ತ ಇವನನ್ನು ಇಳಿಸುತ್ತಾನೆ. ನಮ್ಮ ಮೇಸ್ತ್ರಿಯ ಹಗ್ಗವನ್ನು ಇಷ್ಟು ವರ್ಷ ಹಿಡಿದವನು ಅವನ ಹೆಂಡತಿಯ ತಮ್ಮ. ಬಾಯಿಗೆ ಬೀಗವಿಲ್ಲದ ಆಸಾಮಿ. "ಹಗ್ಗ ಭದ್ರಾನಾ?" ಎಂದು ಕೂಗಿದರೆ, "ಭದ್ರ ಭಾವ! ಕೈ ಬಿಟ್ರೆ ಅಕ್ಕ ನನ್ನ ಉಳಿಸ್ತಾಳಾ?" ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ಮಂಡಿನೋವೆಂದು ಅವನು ಕೆಲಸ ಬಿಟ್ಟ. ಆ ಜಾಗಕ್ಕೆ ಬೇರೆ ದೇಶದಿಂದ ಬಂದವನೊಬ್ಬ ಸೇರಿದ.

ಇವನೋ, ಶುದ್ಧ ಗುಮ್ಮನಗುಸುಕ. ನಗುವಿಲ್ಲ, ಹರಟೆಯಿಲ್ಲ, ಮುಖ ಕೊಟ್ಟು ಮಾತಿಲ್ಲ. ಮೇಸ್ತ್ರಿಯೇ ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟ. ಮೊದಲ ದಿನ ಎರಡಂತಸ್ತು ಇಳಿದು, "ಹಗ್ಗ ಭದ್ರಾನಾ?" ಎಂದು ಕೂಗಿದರೆ ಮೇಲೆ ಪಿಟ್ಟೆನ್ನುವವರಿಲ್ಲ. ಮತ್ತೆ ಕೂಗಿದ. ಊಹೂಂ. ಮೇಸ್ತ್ರಿ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೇಗೋ ಕೆಲಸ ಮುಗಿಸಿ ಮೇಲೆ ಬಂದು ನೋಡಿದರೆ, ಪುಣ್ಯಾತ್ಮ ಹಗ್ಗದ ಮೇಲೆ ಕಣ್ಣು ನೆಟ್ಟು ನಿಂತಿದ್ದಾನೆ.

"ಏನಯ್ಯಾ, ಕಿವಿ ಕೇಳಲ್ವಾ ನಿಂಗೆ?"

"ಕೇಳುತ್ತೆ. ಏನಾದ್ರೂ ಕೆಟ್ರೆ ಹೇಳ್ತೀನಿ."

ಅಷ್ಟೇ. ಅಂದಿನಿಂದ ಮೇಸ್ತ್ರಿಯ ತಲೆಗೆ ಹುಳ ಹೊಕ್ಕಿತು. ಇವನು ಊಟದ ಡಬ್ಬಿ ಹಿಡಿದು ದೂರ ಯಾಕೆ ಹೋಗುತ್ತಾನೆ? ನನ್ನ ಜೋಕಿಗೆ ಎಲ್ಲರೂ ನಕ್ಕರೆ ಇವನೊಬ್ಬ ಯಾಕೆ ನೆಲ ನೋಡುತ್ತಾನೆ? ಬೂದಿ ಮುಚ್ಚಿದ ಕೆಂಡವೇ ಸರಿ.

"ಮಾತು ಕಮ್ಮಿ ಆದ್ರೆ ಮನುಷ್ಯ ಕೆಟ್ಟೋನೇನ್ರೀ?" ಎಂದಳು ಹೆಂಡತಿ. "ನನ್ನ ತಮ್ಮ ಬಾಯಲ್ಲಿ ಭದ್ರ ಭದ್ರ ಅಂದ್ಕೊಂಡು ಬೀದಿ ನೋಡ್ತಾ ನಿಂತಿರ್ತಿದ್ದ."

"ನಿಂಗೇನು, ನೇತಾಡೋನು ನಾನು ತಾನೇ?"

ಕೊನೆಗೆ ಮೇಸ್ತ್ರಿ ಕಂಟ್ರಾಕ್ಟರ್ ಹತ್ತಿರ ದೂರು ಒಯ್ದ. ಕಂಟ್ರಾಕ್ಟರ್ ನಕ್ಕುಬಿಟ್ಟ. "ಅವರ ಕಡೆ ಹಾಗೇ ಕಣಯ್ಯಾ. ಕೆಲಸದಲ್ಲಿ ಬಾಯಿ ಬಿಟ್ರೆ ಅಪಾಯ ಅಂತ ಲೆಕ್ಕ. ಸುಮ್ನಿದ್ರೆ ಎಲ್ಲ ಸರಿ ಇದೆ ಅಂತ. ನಮಗೆ ಯಾರೂ ಮಾತಾಡದೆ ಇದ್ರೆ ಭಯ, ಅವರಿಗೆ ಮಾತಾಡಿದ್ರೆ ಭಯ."

"ಅದೆಲ್ಲ ಅವರ ಊರಲ್ಲಿ. ಕೂಗಿದಾಗ ಭದ್ರ ಅನ್ಲಿ. ಇಲ್ಲ ಅಂದ್ರೆ ನಾನು ಹಲಗೆ ಹತ್ತಲ್ಲ."

ಗುಮ್ಮಣ್ಣನಿಗೆ ಪಾಠವಾಯಿತು. ಪಾಪ, ಮೊದಮೊದಲು ಔಷಧಿ ಕುಡಿದವನ ಮುಖ ಮಾಡಿಕೊಂಡು "ಭದ್ರ" ಎನ್ನುತ್ತಿದ್ದ. ಬರಬರುತ್ತ "ಭದ್ರ ಅಣ್ಣಾ!" ಎಂದು ರಾಗ ಎಳೆಯಲು ಕಲಿತ. ನಗುವುದನ್ನೂ ಕಲಿತ. ದಾರಿಗೆ ತಂದೆನಲ್ಲ ಎಂದು ಮೇಸ್ತ್ರಿ ಮೀಸೆ ತಿರುವಿದ.

ಒಂದು ಮಧ್ಯಾಹ್ನ, ಆರನೇ ಅಂತಸ್ತಿನ ಕಿಟಕಿಯ ಪಕ್ಕದಲ್ಲಿ ಬಣ್ಣ ಬಳಿಯುತ್ತಿದ್ದಾಗ ಹಲಗೆ ಜಗ್ಗಿತು. ಬಕೆಟ್ಟಿನ ಬಣ್ಣ ತುಳುಕಿತು.

"ಹಗ್ಗ ಭದ್ರಾನಾ?"

"ಭದ್ರ ಅಣ್ಣಾ, ಭದ್ರ!"

ಎಂದಿನ ರಾಗವೇ. ಮೇಸ್ತ್ರಿ ಕುಂಚ ಅದ್ದಿದ. ಹಲಗೆ ಮತ್ತೆ ಜಗ್ಗಿತು. "ಏನಾಯ್ತೋ?" ಎಂದ. "ಏನಿಲ್ಲ ಅಣ್ಣಾ!" ಎಂಬ ಉತ್ತರ ನಗುನಗುತ್ತಲೇ ಬಂತು. ಆ ಉತ್ಸಾಹವೇಕೋ ಮೇಸ್ತ್ರಿಗೆ ಹಿಡಿಸಲಿಲ್ಲ. ಕಿಟಕಿಯ ಚೌಕಟ್ಟು ಹಿಡಿದು ಒಳಗೆ ನುಸುಳಿ, ಮೆಟ್ಟಿಲು ಹತ್ತಿ ತಾರಸಿಗೆ ಓಡಿದ.

ಹಗ್ಗ ಸವೆಯದಿರಲೆಂದು ಕಟ್ಟೆಯ ಅಂಚಿಗೆ ಹಾಸಿದ್ದ ಗೋಣಿ ಜಾರಿಬಿದ್ದಿತ್ತು. ಹಗ್ಗದ ಮೂರು ಎಳೆಗಳಲ್ಲಿ ಎರಡು ಸೀಳಿಹೋಗಿದ್ದವು. ಗುಮ್ಮಣ್ಣ ಸೀಳಿದ ಜಾಗದ ಕೆಳಗೆ ಹಗ್ಗವನ್ನು ಕೈಗೆ ಸುತ್ತಿಕೊಂಡು, ಕಟ್ಟೆಗೆ ಕಾಲೊತ್ತಿ ಕೂತಿದ್ದ. ಅಂಗೈಯ ಚರ್ಮ ಕಿತ್ತುಬಂದಿತ್ತು.

"ಪಕ್ಕದಲ್ಲೇ ಕಿಟಕಿ ಇತ್ತಲ್ಲೋ! ಒಂದು ಮಾತು ಹೇಳಿದ್ರೆ ಆಗ್ಲೇ ಒಳಗೆ ಹೋಗ್ತಿದ್ದೆ. ಭದ್ರ ಅಂತ ಯಾಕಂದೆ?"

ಗುಮ್ಮಣ್ಣ ನಿಜಕ್ಕೂ ತಬ್ಬಿಬ್ಬಾದ. "ನೀವು ಕೂಗಿದ್ರಿ. ಕೂಗಿದ್ರೆ ಹಾಗೇ ಅನ್ಬೇಕು ಅಂದಿದ್ರಲ್ಲ ಅಣ್ಣಾ."

ಮೊದಲಿನ ಆ ಮೌನವನ್ನು ನಂಬಿದ್ದರೆ ಸಾಕಿತ್ತು. ಮೇಸ್ತ್ರಿ ತನ್ನ ಕೈಯಾರೆ ಅದನ್ನು ಕೆಡಿಸಿದ್ದ. ಪಕ್ಕದಲ್ಲಿ ಕೂತು, ರಕ್ತ ಒಸರುತ್ತಿದ್ದ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ತುಂಬಾ ನೋಯ್ತಿದೆಯಾ?"

"ಇಲ್ಲ ಅಣ್ಣಾ, ಏನೂ ಇಲ್ಲ," ಎಂದು ಗುಮ್ಮಣ್ಣ ನಕ್ಕ.